ಬ್ಯಾರನ್ನಿನ ಸಕ್ಕರೆ

ಕಳೆದ ತಿಂಗಳು ಹುಣಸೂರಿನಿಂದ ಪಿರಿಯಾಪಟ್ಟಣದ ಕಡೆಗೆ ಬಸ್ಸಿನಲ್ಲಿ ಹೋಗುತ್ತಿದ್ದೆ. ಸೋನೆ ಮಳೆಗೆ ಕಿಟಕಿಗಳೆಲ್ಲ ಮುಚ್ಚಿದ್ದವು. ಮಗುವಿಗೆ ಹೊಟ್ಟೆ ತೊಳಸುತ್ತಿದೆಯೆಂದು ಮುಂದಿನ ಸೀಟಿನ ಹೆಂಗಸು ಕಿಟಕಿ ಸರಿಸಿದ್ದೇ ತಡ, ಹೊಗೆಸೊಪ್ಪು ಬೇಯುವ ವಾಸನೆ ಒಳಗೆ ನುಗ್ಗಿತು. ಬೆಲ್ಲದ ಪಾಕ ತುಸು ಸೀದು, ಅದಕ್ಕೆ ಒದ್ದೆ ಸೌದೆಯ ಹೊಗೆ ಬೆರೆತಂತೆ ಇರುತ್ತದೆ ಅದು. ಹೊಸಬರು ಪಕ್ಕದಲ್ಲೆಲ್ಲೋ ಸಿಹಿ ಮಾಡುತ್ತಿದ್ದಾರೆ ಅಂದುಕೊಳ್ಳುತ್ತಾರೆ. ನಮ್ಮ ಕಡೆಯವರಿಗೆ ಮಾತ್ರ ಗೊತ್ತು: ಸೊಪ್ಪು ಹದಮಾಡುವ ಬ್ಯಾರನ್ನಿಗೆ ಬೆಂಕಿ ಹಾಕಿದ್ದಾರೆ, ಇನ್ನೆರಡು ತಿಂಗಳು ಊರಿಗೆ ನೆಟ್ಟಗೆ ನಿದ್ದೆಯಿಲ್ಲ.

ಆ ವಾಸನೆಯ ಜೊತೆಗೇ ನಮ್ಮೂರಿನ ಒಂದು ಮಳೆಗಾಲ ಬಂದು ನನ್ನ ಪಕ್ಕದಲ್ಲಿ ಕೂತಿತು. ಕೂತಿತು ಎಂದು ಸಲೀಸಾಗಿ ಬರೆದೆ. ನಿಜ ಹೇಳಬೇಕೆಂದರೆ, ಅದು ಆ ಮಳೆಗಾಲವೋ, ಆಮೇಲೆ ನಾನು ನೂರು ಸಲ ಹೇಳಿ ಹೇಳಿ ಮಾಡಿಕೊಂಡ ಕಥೆಯೋ ನನಗೆ ಖಾತ್ರಿಯಿಲ್ಲ. ವಿಶ್ವವಿದ್ಯಾನಿಲಯದಲ್ಲಿ ನನಗೆ ಕಲಿಸಿದ್ದೇ ಅನುಮಾನ ಪಡುವುದನ್ನು. ಬೇರೆಯವರ ಮಾತನ್ನು ಅನುಮಾನಿಸಿ ಅನುಮಾನಿಸಿ ಕೊನೆಗೆ ನನ್ನ ತಲೆಯನ್ನೇ ನಂಬದ ಸ್ಥಿತಿಗೆ ಬಂದಿದ್ದೇನೆ. ಆದರೂ ಬರೆಯುತ್ತೇನೆ. ನನ್ನ ಮನೆಯವರ ಬಗ್ಗೆ ನನಗೆ ಹೆಮ್ಮೆ ಇದೆ, ಆ ಹೆಮ್ಮೆಗೆ ಕಾರಣ ಆ ಮಳೆಗಾಲದ ಒಂದು ಶುಕ್ರವಾರ. ಇಷ್ಟನ್ನಂತೂ ಅನುಮಾನಿಸಲಾರೆ.

ಆ ವರ್ಷ ನಾನು ಮಾನಸಗಂಗೋತ್ರಿಯಲ್ಲಿ ಪ್ರಬಂಧ ಒಪ್ಪಿಸಿ, ಅತಿಥಿ ಉಪನ್ಯಾಸಕನ ಕೆಲಸದ ಆದೇಶಕ್ಕೆ ಕಾಯುತ್ತ ಊರಿಗೆ ಬಂದಿದ್ದೆ. ಪ್ರಬಂಧದ ವಿಷಯ ಸೆಕ್ಯುಲರಿಸಂ. ಊರಿನಲ್ಲಿ ಯಾರಾದರೂ ಏನು ಓದಿದೆಯಪ್ಪ ಎಂದು ಕೇಳಿದರೆ ರಾಜ್ಯಶಾಸ್ತ್ರ ಎಂದು ಹೇಳಿ ಮುಗಿಸುತ್ತಿದ್ದೆ. ಅಬ್ಬಾ ತೀರಿಹೋಗಿ ಬಹಳ ವರ್ಷಗಳಾಗಿದ್ದವು. ಅಮ್ಮಿ ಆ ಮಳೆಗಾಲವೆಲ್ಲ ಕೃಷ್ಣರಾಜನಗರದ ತವರಿನಲ್ಲಿ ಕಾಯಿಲೆ ಬಿದ್ದ ಅಜ್ಜಿಯ ಆರೈಕೆಗೆ ಇದ್ದರು. ಮನೆಯಲ್ಲಿದ್ದದ್ದು ಮೂವರು. ನಾನು, ನನ್ನ ತಮ್ಮ ಅಸ್ಲಂ, ಮತ್ತು ಅಬ್ಬಾನ ಅಕ್ಕ, ನಮ್ಮ ಫುಪ್ಪು. ಫುಪ್ಪುವಿನ ಹೆಸರು ಜೈಬುನ್ನಿಸಾ. ಊರಿನ ಗೌಡರ ಮನೆಗಳವರಿಗೆಲ್ಲ ಅವರು ಬೂಬಮ್ಮ. ಮಕ್ಕಳಿಲ್ಲದ ವಿಧವೆ. ಹಠ, ನಗು ಎರಡೂ ಜಾಸ್ತಿ. ಮನೆಯಲ್ಲಿ ನಾವು ಆಡುವುದು ನಮ್ಮ ಕಡೆಯ ಉರ್ದು. ಜಗಳಕ್ಕೆ ಬಿಸಿ ಏರಿದಾಗ ಫುಪ್ಪು ಕನ್ನಡಕ್ಕೆ ಹೊರಳುತ್ತಿದ್ದರು, ಹಾಗಾಗಿ ಅವರ ಬಹುಪಾಲು ಮಾತು ನನಗೆ ಕನ್ನಡದಲ್ಲೇ ನೆನಪಿದೆ.

ಫುಪ್ಪುವಿನ ಬಳಿ ಒಂದು ಬೀಗದ ಕೈ ಇತ್ತು. ಮಸೀದಿಯ ಆವರಣದ ಹೊರಮೂಲೆಯಲ್ಲಿ ಹೆಂಚಿನ ಒಂದು ಕೋಣೆ ಇದೆ, ಅದನ್ನು ಊರೆಲ್ಲ ಬಾಬಯ್ಯನ ಮನೆ ಅನ್ನುತ್ತದೆ. ಮೊಹರಂನಲ್ಲಿ ಹೊತ್ತು ಮೆರೆಸುವ, ಹಸ್ತದ ಆಕಾರದ ಪಂಜಗಳು ಅಲ್ಲಿ ಪೆಟ್ಟಿಗೆಯಲ್ಲಿರುತ್ತವೆ. ಕೋಣೆ ನೋಡಿಕೊಳ್ಳುವುದು ಫುಪ್ಪುವಿನ ಗಂಡನ ಮನೆತನದ ಕೆಲಸ. ಗಂಡ ತೀರಿಕೊಂಡ ಮೇಲೆ ಬೇರೆ ಯಾರೂ ಇಲ್ಲದ್ದಕ್ಕೆ ಫುಪ್ಪುವೇ ನೋಡಿಕೊಂಡರು, ಯಾರೂ ಬೇಡವೆನ್ನಲಿಲ್ಲ. ಹೊಗೆಸೊಪ್ಪಿನ ಕಾಲ ಬಂತೆಂದರೆ ಗುರುವಾರ ಸಂಜೆ ಅಲ್ಲಿ ಜನವೋ ಜನ. ಬ್ಯಾರನ್ ಎಂದರೆ ಎತ್ತರದ ಗೋಡೆಯ ಒಂದು ಗೂಡು. ಎಲೆಗಳನ್ನು ಕಡ್ಡಿಗಳಿಗೆ ಕಟ್ಟಿ ಒಳಗೆ ಸಾಲುಸಾಲಾಗಿ ನೇತುಹಾಕುತ್ತಾರೆ, ಕೆಳಗೆ ತಗಡಿನ ಕೊಳವೆಗಳಲ್ಲಿ ಬೆಂಕಿಯ ಕಾವು ಹರಿಯುತ್ತದೆ. ಕಾದ ಕೊಳವೆಯ ಮೇಲೆ ಒಂದೇ ಒಂದು ಒಣ ಎಲೆ ಉದುರಿದರೂ ಸಾಕು, ವರ್ಷದ ಬೆಳೆ ಬೂದಿ. ಆ ಭಯಕ್ಕೆ ಊರು ಕಂಡುಕೊಂಡ ಮದ್ದು ಸಕ್ಕರೆ ಓದಿಸುವುದು. ಮೊದಲ ಸಲ ಬ್ಯಾರನ್ ತುಂಬುವ ಮುಂಚೆ ಸಕ್ಕರೆ, ಊದುಬತ್ತಿ ತಂದು ಬೂಬಮ್ಮನ ಮುಂದಿಡುತ್ತಾರೆ. ಅವರು ಸೆರಗು ಹೊದ್ದು ಅದರ ಮೇಲೆ ಅಲ್ಹಮ್ದು ಎಂದು ಶುರುವಾಗುವ ಕುರಾನಿನ ಫಾತಿಹಾ ಓದಿ ಕೊಡುತ್ತಾರೆ. ಒಲೆಯ ಬಾಯಿಗೆ ಒಂದು ಚಿಟಿಕೆ ಹಾಕಿ, ಉಳಿದದ್ದನ್ನು ಸೊಪ್ಪು ಕಟ್ಟುವ ಆಳುಗಳಿಗೆಲ್ಲ ಹಂಚಿದ ಮೇಲೆಯೇ ಬೆಂಕಿ.

ಅಸ್ಲಂಗೆ ಇದು ಸರಿಬರುತ್ತಿರಲಿಲ್ಲ. ಊರಿನ ಗೇಟಿನ ಬಳಿ ಅವನದು ಮೋಟರ್ ರಿವೈಂಡಿಂಗ್ ಅಂಗಡಿ. ಕೆಲವು ವರ್ಷಗಳ ಹಿಂದೆ ಪ್ರವಚನಕ್ಕೆ ಊರೂರು ಸುತ್ತುವವರ ಜೊತೆ ಹೋಗಿಬಂದವನು ಗಡ್ಡ ಬಿಟ್ಟಿದ್ದ, ಐದು ಹೊತ್ತಿನ ನಮಾಜು ತಪ್ಪಿಸುತ್ತಿರಲಿಲ್ಲ, ಅಳತೆಯಲ್ಲಿ ಒಂದು ಎಳೆ ತಂತಿಯ ಮೋಸವನ್ನೂ ಮಾಡುತ್ತಿರಲಿಲ್ಲ. ಹೊಗೆಸೊಪ್ಪು ಜನರ ಎದೆ ಸುಡುವ ಬೆಳೆ, ಅದರ ದುಡ್ಡು ಬೇಡ ಎಂದು ನಮ್ಮ ಹೊಲಕ್ಕೆ ಶುಂಠಿ ಹಾಕಿಸಿದ್ದ. ಶುಂಠಿ ಆ ವರ್ಷ ಕೊಳೆರೋಗಕ್ಕೆ ಹೋಯಿತು. ಅವನು ದೇವರ ಇಚ್ಛೆ ಎಂದು ಸುಮ್ಮನಾದ. ಸಕ್ಕರೆ ಓದುವುದು ಅವನ ಪ್ರಕಾರ ದೀನ್‌ನಲ್ಲಿ ಅಂದರೆ ಧರ್ಮದಲ್ಲಿ ಇಲ್ಲದ್ದನ್ನು ತಂದು ಸೇರಿಸುವ ಪಾಪ. ಅದೂ ಹೊಗೆಸೊಪ್ಪಿನ ಮೇಲೆ ಅಲ್ಲಾಹನ ಮಾತು!

ನನಗೂ ಅದು ಬೇಡವಾಗಿತ್ತು, ಕಾರಣ ಮಾತ್ರ ಬೇರೆ. ಬೆಂಕಿಗೂ ಸಕ್ಕರೆಗೂ ಏನು ಸಂಬಂಧ? ಕೊಳವೆಯ ಮೇಲೆ ತಂತಿಬಲೆ ಹಾಕಿಸಿ ಎಂದು ನಾನು ಊರಿಗೆಲ್ಲ ಉಪದೇಶ ಮಾಡಿಕೊಂಡು ತಿರುಗುತ್ತಿದ್ದೆ.

ಒಂದು ಸಂಜೆ ಊಟಕ್ಕೆ ಕೂತಾಗ ನಾವಿಬ್ಬರೂ ಸೇರಿ ಫುಪ್ಪುವಿಗೆ ಬುದ್ಧಿ ಹೇಳಿದೆವು. ಅವರು ಮುದ್ದೆ ಮುರಿಯುತ್ತಲೇ ಕೇಳಿಸಿಕೊಂಡರು.

"ಚೆನ್ನಾಗದೆ ಕಣ್ರಪ್ಪ," ಎಂದರು. "ಒಬ್ಬ ಅಲ್ಲಾ ಇದಾನೆ ಅಂತ ಓದಬೇಡ ಅಂತಾನೆ. ಇನ್ನೊಬ್ಬ ಅಲ್ಲಾ ಇಲ್ಲ ಅಂತ ಓದಬೇಡ ಅಂತಾನೆ. ಅಣ್ಣ ತಮ್ಮ ಹುಟ್ಟಿದಾಗಿಂದ ಒಂದು ಮಾತಿಗೂ ಒಪ್ಪಿದವರಲ್ಲ. ನನ್ನ ಬಾಯಿ ಮುಚ್ಚಿಸಕ್ಕೆ ಒಂದಾದ್ರಲ್ಲ, ನಾನು ಪುಣ್ಯ ಮಾಡಿದ್ದೆ."

ಅಸ್ಲಂ ನಗಲಿಲ್ಲ. ನಾನು ನಕ್ಕೆನೆಂದು ನೆನಪು.

ವಿಶ್ವವಿದ್ಯಾನಿಲಯದ ಪುಸ್ತಕಗಳಲ್ಲಿ ಮುಸ್ಲಿಮರು ಒಂದೇ ಕಾಲಮ್ಮಿನಲ್ಲಿ ಬರುತ್ತಾರೆ. ಧಾರ್ಮಿಕತೆ ಹೆಚ್ಚೋ ಕಡಿಮೆಯೋ, ಒಂದು ಅಳತೆಕೋಲು ಇಟ್ಟರೆ ಮುಗಿಯಿತು. ನನ್ನ ನೆಂಟರಿಷ್ಟರನ್ನೇ ಆ ಕೋಲಿಗೆ ಹಚ್ಚಿ ನೋಡಿ ನಾನು ಸೋತಿದ್ದೇನೆ. ಕೃಷ್ಣರಾಜನಗರದ ಸೋದರಮಾವಂದಿರು ಐದು ಹೊತ್ತು ನಮಾಜು ಮಾಡುತ್ತಾರೆ, ದರ್ಗಾದ ನೆರಳಿಗೂ ಹೋಗುವುದಿಲ್ಲ, ಹೆಣ್ಣುಮಕ್ಕಳನ್ನು ಮಾತ್ರ ಮೈಸೂರಿನ ಹಾಸ್ಟೆಲ್ಲಿನಲ್ಲಿಟ್ಟು ಎಂಜಿನಿಯರಿಂಗ್ ಓದಿಸುತ್ತಾರೆ. ದರ್ಗಾ ದರ್ಗಾ ಸುತ್ತಿ ಕವ್ವಾಲಿಗೆ ತಲೆದೂಗುವ ಇನ್ನೊಬ್ಬ ನೆಂಟರು ಮಗಳನ್ನು ಹತ್ತನೇ ಕ್ಲಾಸಿಗೇ ಬಿಡಿಸಿದರು. ಎಚ್.ಡಿ. ಕೋಟೆಯ ಬೇಕರಿಗಳ ಮಲಯಾಳಿ ಕಾಕಾಗಳು ನಮ್ಮ ಪಕ್ಕದಲ್ಲೇ ನಮಾಜಿಗೆ ನಿಂತರೂ ಕೈ ಕಟ್ಟುವುದು ನಮಗಿಂತ ಮೇಲೆ, ಆಮೀನ್ ಅನ್ನುವುದು ನಮಗಿಂತ ಜೋರಾಗಿ. ಇನ್ನು ಫುಪ್ಪು. ರಂಜಾನಿನ ಒಂದು ಉಪವಾಸ ಬಿಟ್ಟವರಲ್ಲ. ಬೆಳಗಿನ ನಮಾಜಿಗೆ ಎದ್ದರೆ ಎದ್ದರು, ಇಲ್ಲದಿದ್ದರೆ "ಅಲ್ಲಾನಿಗೆ ನನ್ನ ಮಂಡಿನೋವು ಗೊತ್ತು" ಎಂದು ಮಗ್ಗುಲು ಬದಲಿಸುತ್ತಿದ್ದರು. ಇವರನ್ನೆಲ್ಲ ಯಾವ ಕಾಲಮ್ಮಿಗೆ ಹಾಕಲಿ?

ಆಷಾಢದ ಒಂದು ಶುಕ್ರವಾರ ಜುಮ್ಮಾ ನಮಾಜು ಮುಗಿದ ಮೇಲೆ ಅಸ್ಲಂ ಮತ್ತು ಅವನ ಓರಗೆಯವರು ಮಾತೆತ್ತಿದರು. ಬಾಬಯ್ಯನ ಮನೆಗೆ ಬೀಗ ಬೀಳಬೇಕು, ಬೀಗದ ಕೈ ಮಸೀದಿ ಕಮಿಟಿಗೆ ಬರಬೇಕು, ಸಕ್ಕರೆ ಓದುವುದು ನಿಲ್ಲಬೇಕು ಎಂದು. ಮುಂದಿನ ಶುಕ್ರವಾರ ತೀರ್ಮಾನ ಎಂದಾಯಿತು. ಸುದ್ದಿ ಸಂಜೆಗೆಲ್ಲ ಊರು ಸುತ್ತಿತು. ಫುಪ್ಪು ಅಂದು ಊಟ ಮಾಡಲಿಲ್ಲ. ಬೀಗದ ಕೈಯನ್ನು ಸೊಂಟದಿಂದ ತೆಗೆದು, ಸೆರಗಿನ ತುದಿಗೆ ಗಂಟು ಹಾಕಿ, ಮತ್ತೆ ಬಿಚ್ಚಿ, ಮತ್ತೆ ಸೊಂಟಕ್ಕೆ ಸಿಕ್ಕಿಸಿಕೊಂಡರು. ಆ ಬೀಗದ ಕೈ ಹೋದರೆ ಊರಿಗೆ ಅವರು ಬೂಬಮ್ಮನಾಗಿ ಉಳಿಯುತ್ತಿರಲಿಲ್ಲ. ತಮ್ಮನ ಮನೆಯಲ್ಲಿ ಅನ್ನ ತಿನ್ನುವ ಒಬ್ಬ ವಿಧವೆ, ಅಷ್ಟೆ. ಅವರು ಅದನ್ನು ಬಾಯಿಬಿಟ್ಟು ಹೇಳಲಿಲ್ಲ. ನಾನೇ ಊಹಿಸಿದೆ, ಅಥವಾ ಈಗ ಊಹಿಸುತ್ತಿದ್ದೇನೆ.

ಆ ವಾರದ ನಡುವೆ ಸಣ್ಣೇಗೌಡರು ಮನೆಗೆ ಬಂದರು. ನಮ್ಮ ಹೊಲದ ಬದಿಯ ಹೊಲ ಅವರದು. ಅವರ ಹೆಂಡತಿ ಜಯಮ್ಮನೂ ಜೊತೆಗಿದ್ದರು. ಅವರ ಸೊಪ್ಪು ಹಳದಿಗೆ ತಿರುಗಿತ್ತು, ಮುರಿಯಲೇಬೇಕಿತ್ತು.

"ಬೂಬಮ್ಮ, ನೀವು ಓದ್ಲಿಲ್ಲ ಅಂದ್ರೆ ನಾನು ಬ್ಯಾರನ್ ತುಂಬಕಿಲ್ಲ ಕಣವ್ವ," ಎಂದರು ಗೌಡರು.

"ತುಂಬು ಕಣಪ್ಪ, ಸೊಪ್ಪು ಹೊಲದಲ್ಲೇ ಕೊಳೀತದೆ. ನನ್ನ ಸಕ್ಕರೆ ನೋಡ್ಕೊಂಡು ಸೊಪ್ಪು ಹಣ್ಣಾಯ್ತದಾ?"

"ಅಂಗಲ್ಲ. ನಮ್ಮಪ್ಪನ ಕಾಲ್ದಿಂದ ಬಂದದ್ದು. ಶುಕ್ರವಾರ ನಾವೂ ಹತ್ತು ಜನ ಬತ್ತೀವಿ. ಅದೆಂಗೆ ಬೀಗ ಆಕ್ತಾರೋ ನೋಡ್ತೀವಿ. ಬಾಬಯ್ಯ ಇವ್ರೊಬ್ರಿಗೇ ಸೇರಿದೋನಾ?"

ಗೌಡರ ಮನಸ್ಸಿನಲ್ಲಿ ಪ್ರೀತಿಯೇ ಇತ್ತು, ಅನುಮಾನವಿಲ್ಲ. ಆದರೆ ಕಾಲ ಹೇಗಿದೆ? ಹತ್ತು ಜನ ಗೌಡರು ಶುಕ್ರವಾರ ಮಸೀದಿಯ ಮುಂದೆ ನಿಂತ ಒಂದು ವಿಡಿಯೋ ಹುಣಸೂರು ದಾಟುವಷ್ಟರಲ್ಲಿ ಅದರ ತಲೆಬರಹವೇ ಬೇರೆಯಾಗಿರುತ್ತದೆ.

ಫುಪ್ಪು ಒಂದು ಗಳಿಗೆಯೂ ಯೋಚಿಸಲಿಲ್ಲ. "ಬ್ಯಾಡ ಸಣ್ಣೇಗೌಡ. ಇದು ನಮ್ಮನೆ ಜಗಳ. ನಿಮ್ಮ ತಂಗಿ ಮನೇಲಿ ಜಗಳ ಆದ್ರೆ ನಾನು ಹತ್ತು ಜನ ಸಾಬರನ್ನ ಕರ್ಕೊಂಡು ಬತ್ತೀನಾ?"

ಜಯಮ್ಮ ಕಿಸಕ್ಕನೆ ನಕ್ಕರು. "ಬುಡಿ, ಬೂಬಮ್ಮ ಏಳೋದು ಸರಿಯಾಗದೆ. ನಾವು ಎಂಗಸ್ರು ಗೇಟ್ ತಾವ ಇರ್ತೀವಿ. ಅಲ್ಲಿ ನಿಲ್ಲಕ್ಕೆ ಯಾರಪ್ಪನ ಕೇಳ್ಬೇಕು?"

ಮಸೀದಿಯ ಗೇಟಿನ ಹತ್ತಿರ ಹೆಂಗಸರು ನಿಲ್ಲುವುದು ಹೊಸದೇನೂ ಅಲ್ಲ. ಹಟ ಮಾಡುವ ಕೂಸುಗಳನ್ನು ಎತ್ತಿಕೊಂಡು, ಬಾಟಲಿಯಲ್ಲಿ ನೀರು ಹಿಡಿದು, ನಮಾಜು ಮುಗಿಸಿ ಬರುವವರಿಂದ, ಪ್ರಾರ್ಥನೆ ಓದಿ ಊದುವ ದಮ್ ಹಾಕಿಸಿಕೊಳ್ಳಲು ಎಲ್ಲ ಜಾತಿಯ ತಾಯಂದಿರೂ ಅಲ್ಲಿ ನಿಲ್ಲುತ್ತಾರೆ. ಗೇಟಿನಿಂದ ಆಚೆ ನಿಲ್ಲಬಹುದು. ಈಚೆ ಕಾಲಿಡುವಂತಿಲ್ಲ, ನಮ್ಮ ಹೆಂಗಸರೂ ಕೂಡ. ಹುಟ್ಟಿದಾಗಿನಿಂದ ನೋಡಿಕೊಂಡು ಬಂದಿದ್ದ ಆ ಗೆರೆ ನನ್ನ ಮುನ್ನೂರು ಪುಟಗಳ ಪ್ರಬಂಧದ ಹೊತ್ತಿನಲ್ಲೂ ನನ್ನ ಕಣ್ಣಿಗೆ ಬಿದ್ದಿರಲಿಲ್ಲ.

ಶುಕ್ರವಾರ ಜಡಿಮಳೆ. ಮಳೆ ಇರಲಿಲ್ಲ, ಮೋಡ ಮಾತ್ರ ಇತ್ತು ಎಂದು ಅಸ್ಲಂ ವಾದಿಸುತ್ತಾನೆ. ನನ್ನ ನೆನಪಿನಲ್ಲಿ ಮಸೀದಿಯ ಹೆಂಚಿನಿಂದ ನೀರು ಸುರಿಯುತ್ತಲೇ ಇದೆ. ನಾನು ಎಷ್ಟೋ ವರ್ಷಗಳ ಮೇಲೆ ಒಳಗೆ ಹೋಗಿ, ತಲೆಗೆ ಕರ್ಚೀಫು ಕಟ್ಟಿಕೊಂಡು ಕೊನೆಯ ಸಾಲಿನ ಮೂಲೆಯಲ್ಲಿ ಕೂತೆ. ಯಾರೂ ಯಾಕೆ ಬಂದೆ ಎನ್ನಲಿಲ್ಲ. ಒಬ್ಬ ಮುದುಕರು ಸರಿದು ಜಾಗ ಕೊಟ್ಟರು, ಅಷ್ಟೆ.

ನಮಾಜು ಮುಗಿದ ಮೇಲೆ ಮುತವಲ್ಲಿ ಅಜೀಜ್ ಸಾಹೇಬರು ಎದ್ದರು. ಮಸೀದಿಯ ಆಡಳಿತ ಅವರದು. ದರ್ಗಾದ ಉರುಸು ಎಂದರೆ ಅವರಿಗೆ ಪ್ರಾಣ, ಕವ್ವಾಲಿಯ ಹುಚ್ಚು, ಮಾತಿನಲ್ಲಿ ಅತ್ತರಿನಷ್ಟು ಮೃದು. ಮೊದಲು ಅವರು ಮಾಡಿದ ಕೆಲಸ, ಟೋಪಿಗಳನ್ನು ಇಡುವ ಪ್ಲಾಸ್ಟಿಕ್ ಬುಟ್ಟಿಯನ್ನು ಸಾಲಿನಿಂದ ಸಾಲಿಗೆ ದಾಟಿಸಿದ್ದು. "ಎಲ್ಲರ ಮೊಬೈಲೂ ಇದರಲ್ಲಿ ಬೀಳಲಿ. ಮನೆಮಾತು ಮನೆಯಲ್ಲೇ ಇರಲಿ." ಬುಟ್ಟಿ ತುಂಬಿತು. ಆ ದಿನದ ಒಂದು ಚೂರು ವಿಡಿಯೋ ಕೂಡ ಜಗತ್ತಿನಲ್ಲಿಲ್ಲ. ಹಾಗಾಗಿ ನನ್ನ ನೆನಪು ಒಂಟಿಯಾಗಿ ಸಾಕ್ಷಿ ಹೇಳಬೇಕಾಗಿದೆ.

ಅಸ್ಲಂ ಎದ್ದು ತನ್ನ ಮಾತು ಹೇಳಿದ. ಫುಪ್ಪುವಿನ ಬಗ್ಗೆ ಒಂದೂ ಹಗುರ ಮಾತಾಡಲಿಲ್ಲ. "ನಮ್ಮನ್ನ ಎತ್ತಿ ಬೆಳೆಸಿದೋರು. ಅದಕ್ಕೇ ಹೇಳ್ತಿದೀನಿ. ನಾಳೆ ಅಲ್ಲಾಹನ ಮುಂದೆ ಅವರು ನಿಂತಾಗ ಇದು ಅವರ ತಲೆ ಮೇಲಿರಬಾರದು."

ಅಜೀಜ್ ಸಾಹೇಬರು ತಲೆಯಾಡಿಸಿದರು. "ಹಿಂದಿನಿಂದ ಬಂದದ್ದಪ್ಪ. ಊರಿನವರು ನಂಬಿಕೆ ಇಟ್ಟು ಬರ್ತಾರೆ. ಕೀಳೋದು ಸುಲಭ, ನೆಡೋದು ಕಷ್ಟ."

ಮಾತು ಹಾಗೂ ಹೀಗೂ ಎಳೆದಾಡಿತು. ನಮ್ಮ ಇಮಾಮರು ಬಿಹಾರದವರು, ಕನ್ನಡ ಅರ್ಧ ಬರುತ್ತಿತ್ತು. ಯಾರು ಮಾತಾಡಿದರೆ ಅವರ ಕಡೆಗೆ ತಲೆದೂಗುತ್ತಿದ್ದರು. ಆಗ ಊರಿನ ಹೋಟೆಲ್ಲಿನ ಮೂಸಾ ಕಾಕಾ, ಎಚ್.ಡಿ. ಕೋಟೆಯಿಂದ ಬಂದು ನೆಲೆಸಿದ ಮಲಯಾಳಿ, ಕೂತಲ್ಲಿಂದಲೇ ಕೇಳಿದರು: "ಅಲ್ಲ, ಆ ಹೆಂಗಸನ್ನು ಯಾರಾದರೂ ಕೇಳಿದಿರಾ?"

ಎಲ್ಲರೂ ಗೇಟಿನ ಕಡೆ ನೋಡಿದರು. ಫುಪ್ಪು ಕೊಡೆ ಹಿಡಿದು ನಿಂತಿದ್ದರು. ಪಕ್ಕದಲ್ಲಿ ಜಯಮ್ಮ, ಇನ್ನೂ ನಾಲ್ಕಾರು ಹೆಂಗಸರು.

"ಯಾರಾದ್ರೂ ಹೋಗಿ ಕೇಳ್ಕೊಂಡು ಬನ್ನಿ," ಎಂದರು ಅಜೀಜ್ ಸಾಹೇಬರು.

"ಹೋಗೋದ್ಯಾಕೆ?" ಎಂದ ಅಸ್ಲಂ. "ಒಳಗೆ ಬರಲಿ. ಅವರ ವಿಷಯ, ಅವರೇ ಹೇಳಲಿ."

ಎಲ್ಲರೂ ಒಟ್ಟಿಗೆ ಬಾಯಿ ಹಾಕಿದರು. ಅಜೀಜ್ ಸಾಹೇಬರ ಮೃದುತನ ಎಲ್ಲಿ ಹೋಯಿತೋ. "ಹೆಂಗಸು? ಮಸೀದಿ ಒಳಗೆ? ತಲೆ ನೆಟ್ಟಗಿದೆಯಾ ನಿಂಗೆ? ನಮ್ಮೂರಲ್ಲಿ ಯಾವತ್ತಾದ್ರೂ ನಡೆದಿದ್ದುಂಟಾ?"

"ಪೈಗಂಬರ್ ರಸೂಲುಲ್ಲಾರ ಕಾಲದಲ್ಲಿ ಮದೀನದ ಮಸೀದಿಗೆ ಹೆಂಗಸರು ಬರ್ತಿದ್ರು. ನಮ್ಮೂರೇನು ಮದೀನಕ್ಕಿಂತ ದೊಡ್ಡದಾ ಸಾಹೇಬ್ರೇ?"

"ಹಿಂದಿನಿಂದ ಬಂದದ್ದಲ್ಲ!"

"ಅದನ್ನೇ ನೀವು ಸಕ್ಕರೆಗೂ ಹೇಳ್ತೀರಿ, ಇದಕ್ಕೂ ಹೇಳ್ತೀರಿ. ಕಿತಾಬಿನಲ್ಲಿ ಏನಿದೆ ಅಂತ ಮಾತ್ರ ಹೇಳಲ್ಲ."

"ಕಾಕಾ, ನಿಮ್ಮ ಕೇರಳದಲ್ಲಿ ಹೇಗೆ?" ಯಾರೋ ಕೂಗಿದರು.

"ನಮ್ಮ ಕಡೆ ಒಂದು ಮಸೀದಿಗೆ ಹೆಂಗಸರು ಹೋಗ್ತಾರೆ, ಪಕ್ಕದ ಮಸೀದಿಗೆ ಹೋಗೋದಿಲ್ಲ," ಎಂದರು ಕಾಕಾ. "ಜಗಳ ಎರಡು ಮಸೀದಿಯಲ್ಲೂ ಉಂಟು."

ಇಮಾಮರನ್ನು ಕೇಳಿದರು. ಪರದೆ ಇದ್ದು, ಬದಿಯಲ್ಲಿ ಕೂತರೆ ಅಡ್ಡಿಯಿಲ್ಲ ಎಂದು ಅವರು ಉರ್ದುವಿನಲ್ಲಿ ಮೆಲ್ಲಗೆ ಹೇಳಿ, ಸಂಬಳ ಕೊಡುವ ಮುತವಲ್ಲಿಯ ಮುಖ ನೋಡಿ, ಎರಡನೇ ಸಲ ಹೇಳಲಿಲ್ಲ.

ನಾನು ಬೆರಗಾಗಿ ಕೂತಿದ್ದೆ. ಫುಪ್ಪುವಿನ ಸಕ್ಕರೆಯ ಪರ ಇದ್ದವರು ಅವರನ್ನು ಗೇಟಿನಲ್ಲೇ ನಿಲ್ಲಿಸುತ್ತಿದ್ದರು. ಅವರ ಬಾಬಯ್ಯನಿಗೆ ಬೀಗ ಹಾಕಲು ಬಂದ ಹುಡುಗ ಅವರಿಗೆ ಮಸೀದಿಯ ಬಾಗಿಲು ತೆರೆಯುತ್ತಿದ್ದ. ನನ್ನ ಅಳತೆಕೋಲು ಅಂದು ಮುರಿದು ಎರಡಾಯಿತು.

ಅಸ್ಲಂ ಯಾರ ಉತ್ತರಕ್ಕೂ ಕಾಯಲಿಲ್ಲ. ಗೇಟಿಗೆ ಹೋದ. ನನ್ನ ಕಣ್ಣಿಗೆ ಈಗಲೂ ಕಟ್ಟಿದಂತಿದೆ: ಅವನು ಮುಂದೆ, ಫುಪ್ಪು ಹಿಂದೆ. ಫುಪ್ಪು ಚಪ್ಪಲಿ ಬಿಟ್ಟರು. ತೊಟ್ಟಿಯ ಹತ್ತಿರ ನಿಂತು ಕೈಕಾಲು ಮುಖ ತೊಳೆದರು, ಅವಸರವಿಲ್ಲದೆ, ಎಲ್ಲರೂ ಕಾಯುವಂತೆ. ಜಗಲಿಯ ಬದಿಯಲ್ಲಿ ಸೆರಗು ಹೊದ್ದು ಕೂತರು. ಅಜೀಜ್ ಸಾಹೇಬರು ಮುಖ ತಿರುಗಿಸಿ ಗೋಡೆ ನೋಡುತ್ತ ನಿಂತರು.

"ಹೇಳಿ ಫುಪ್ಪು," ಎಂದ ಅಸ್ಲಂ.

"ಮೊದಲು ಒಂದು ಕೇಳ್ತೀನಿ. ಹೊಗೆಸೊಪ್ಪಿನ ದುಡ್ಡು ಹರಾಮು ಅಂತೀಯ. ಆ ಹೊಸ ಮಿನಾರು ಯಾವುದರ ದುಡ್ಡಲ್ಲಿ ಎದ್ದಿದ್ದು? ನಿನ್ನ ಶುಂಠಿ ದುಡ್ಡಲ್ಲಾ?"

ನಗು ಎಲ್ಲ ಸಾಲುಗಳಿಗೂ ಹಬ್ಬಿತು. ಗೋಡೆ ನೋಡುತ್ತಿದ್ದ ಅಜೀಜ್ ಸಾಹೇಬರ ಬೆನ್ನೂ ಅಲುಗಿತು. ಅಸ್ಲಂ ತಲೆ ತಗ್ಗಿಸಿ ನಕ್ಕ.

ಫುಪ್ಪು ನಗಲಿಲ್ಲ. "ನಾನು ಬಾಬಯ್ಯನ್ನ ಏನೂ ಕೇಳಲ್ಲ. ಅಲ್ಹಮ್ದು ಓದ್ತೀನಿ. ಆಮೇಲೆ, ಯಾ ಅಲ್ಲಾ, ಸೌದೆ ಹಾಕೋನು ತೂಕಡಿಸದೆ ಇರಲಿ, ಕಡ್ಡಿ ಕಟ್ಟೋ ಹೆಂಗಸರ ಕೂಸುಗಳಿಗೆ ಜ್ವರ ಬಾರದೆ ಇರಲಿ ಅಂತ ಕೇಳ್ತೀನಿ. ಬ್ಯಾರನ್ ಸುಡಲ್ಲ ಅಂತ ನಾನು ಯಾರಿಗೂ ಮಾತು ಕೊಟ್ಟಿಲ್ಲ. ಓದಿಸಿದ ಬ್ಯಾರನ್ನೂ ಸುಟ್ಟಿದಾವೆ. ಅವರು ಯಾರೂ ಬಂದು ನನ್ನ ಬೈದಿಲ್ಲ. ಮುಂದಿನ ವರ್ಷ ಮತ್ತೆ ಬಂದಿದಾರೆ." ಅಸ್ಲಂನ ಕಡೆ ತಿರುಗಿದರು. "ತಪ್ಪು ಅಂತೀಯಲ್ಲ ಅಸ್ಲಂ, ಇರಬಹುದು. ನಾನು ಓದಿದವಳಲ್ಲ. ಕಯಾಮತ್ತಿನ ದಿನ ನನ್ನ ದುವಾಕ್ಕೆ ಜವಾಬು ಯಾರು ಕೊಡಬೇಕು? ನಾನಾ, ಕಮಿಟಿನಾ?"

ಫುಪ್ಪು ಸೊಂಟದಿಂದ ಬೀಗದ ಕೈ ತೆಗೆದು ಮುಂದಿನ ಕಲ್ಲಿನ ಮೇಲಿಟ್ಟರು. "ಇಗೋ. ಅವಳ ಪರವಾಗಿ ನಾನು ಜವಾಬು ಕೊಡ್ತೀನಿ ಅನ್ನೋರು ಯಾರಾದ್ರೂ ಬಂದು ತಗೊಳ್ಳಿ."

ಹೆಂಚಿನ ನೀರಿನ ಸದ್ದು. (ಮಳೆ ಇತ್ತು. ಇದೊಂದರಲ್ಲಿ ನಾನು ಸೋಲುವುದಿಲ್ಲ.) ಯಾರೂ ಏಳಲಿಲ್ಲ. ಕಮಿಟಿಯವರು ಒಬ್ಬರ ಮುಖ ಒಬ್ಬರು ನೋಡಿಕೊಂಡರು. ಕೊನೆಗೆ ಅಸ್ಲಂ ಎದ್ದ. ಕಲ್ಲಿನ ಹತ್ತಿರ ಹೋಗಿ ಬೀಗದ ಕೈ ಎತ್ತಿಕೊಂಡ.

"ನಾನು ಹೇಳಿದ್ದು ಬದಲಾಗಲ್ಲ," ಎಂದ, ಎಲ್ಲರಿಗೂ ಕೇಳುವಂತೆ. "ಇದು ತಪ್ಪು. ನಾಳೆನೂ ತಪ್ಪು ಅಂತೀನಿ, ಮನೇಲೂ ಅಂತೀನಿ, ಅಂಗಡೀಲೂ ಅಂತೀನಿ. ಆದರೆ ಅವರು ಕೇಳಿದ್ದಕ್ಕೆ ನನ್ನ ಹತ್ರ ಉತ್ತರ ಇಲ್ಲ. ಅವರ ಲೆಕ್ಕ ಅವರದ್ದು, ಅವರ ರಬ್ ಅಲ್ಲಾಹನದ್ದು. ನಡುವೆ ಬೀಗ ಹಾಕಕ್ಕೆ ನಾನ್ಯಾರು, ಈ ಕಮಿಟಿ ಯಾರು?"

ಅದನ್ನು ಫುಪ್ಪುವಿನ ಅಂಗೈಯಲ್ಲಿಟ್ಟ.

ಅಷ್ಟೊಂದು ವರ್ಷ ಗ್ರಂಥಾಲಯದಲ್ಲಿ ಕೂತು ನಾನು ಹುಡುಕಿದ ಮಾತಿನ ಅರ್ಥವನ್ನು, ಗಡ್ಡ ಬಿಟ್ಟು ಟೋಪಿ ಹಾಕಿದ ನನ್ನ ತಮ್ಮ, ಮಸೀದಿಯ ಜಗಲಿಯಲ್ಲಿ ನಿಂತು, ತನ್ನ ನಂಬಿಕೆಯ ಒಂದು ಎಳೆಯನ್ನೂ ಬಿಟ್ಟುಕೊಡದೆ ಹೇಳಿದ್ದ. ಅವನು ಬರೀ ಮೆತ್ತಗಾಗಿ, ಹೋಗಲಿ ಬಿಡಿ ಎಂದಿದ್ದರೆ ನನಗೆ ಇಷ್ಟು ಹೆಮ್ಮೆ ಆಗುತ್ತಿರಲಿಲ್ಲ. ದೇವರಿದ್ದಾನೆ ಎಂದು ಅಷ್ಟು ಗಟ್ಟಿಯಾಗಿ ನಂಬಿದ್ದಕ್ಕೇ ಅವನಿಗೆ ಬೀಗ ಹಾಕಲು ಆಗಲಿಲ್ಲ. ನನ್ನ ಪ್ರಬಂಧದಲ್ಲಿ ಈ ದಾರಿ ಇರಲಿಲ್ಲ.

ಅಜೀಜ್ ಸಾಹೇಬರು ಗೋಡೆಯಿಂದ ತಿರುಗಿದರು. "ಸರಿ. ಬೀಗದ ಕೈ ಅಲ್ಲೇ ಇರಲಿ. ಆದ್ರೆ ಹೆಂಗಸರು ಒಳಗೆ ಬಂದದ್ದು ಇವತ್ತೊಂದು ದಿನಕ್ಕೆ ಮಾತ್ರ."

"ಅದನ್ನ ಮುಂದಿನ ಶುಕ್ರವಾರ ನೋಡೋಣ ಬಿಡಿ ಅಜೀಜ್ ಭಾಯ್," ಎಂದು ಫುಪ್ಪು ಮಂಡಿಯ ಮೇಲೆ ಕೈಯೂರಿ ಎದ್ದರು.

ಮುಂದಿನ ಶುಕ್ರವಾರ ಅವರು ಇನ್ನಿಬ್ಬರನ್ನು ಕರೆದುಕೊಂಡು ಬಂದರು. ಅಜೀಜ್ ಸಾಹೇಬರು ಮೂರು ವಾರ ಅವರ ಜೊತೆ ಮಾತು ಬಿಟ್ಟರು, ನಾಲ್ಕನೇ ವಾರ ಜಗಲಿಯ ಬದಿಗೆ ಅವರೇ ಹಸಿರು ಪರದೆ ಕಟ್ಟಿಸಿದರು. ಪರದೆ ಇಲ್ಲದಿದ್ದರೆ ಹೆಂಗಸರು ನಮ್ಮನ್ನು ನೋಡುತ್ತಾರೆ ಎಂಬುದು ಅವರು ಕೊಟ್ಟ ಕಾರಣ. ಪರದೆ ಈಗಲೂ ಇದೆ. ಅದು ಇರಬೇಕೇ ಎಂದು ಕೇಳಿದರೆ ನಾನು ಬೇಡ ಎನ್ನುತ್ತೇನೆ, ಅದರ ಹಿಂದೆ ಕೂರುವವರು ನನ್ನನ್ನು ಕೇಳಿಲ್ಲ.

ಸಣ್ಣೇಗೌಡರ ಸೊಪ್ಪು ತೀರ್ಮಾನವಾದ ಮೇಲಿನ ಮೊದಲ ಗುರುವಾರದವರೆಗೆ ಹೇಗೋ ತಡೆದುಕೊಂಡಿತ್ತು. ಗೌಡರು ದೊಡ್ಡ ಪೊಟ್ಟಣವನ್ನೇ ತಂದಿದ್ದರು. ಫುಪ್ಪು ಓದಲು ಕೂರುವ ಮುಂಚೆ ಅದರಿಂದ ಒಂದು ಲೋಟ ಸಕ್ಕರೆ ತೆಗೆದು ಬೇರೆ ಡಬ್ಬಿಗೆ ಹಾಕಿಟ್ಟರು.

"ಅದ್ಯಾಕೆ ಬೂಬಮ್ಮ?" ಎಂದರು ಜಯಮ್ಮ.

"ಅಸ್ಲಮನ ಚಾಗೆ. ಓದಿದ್ದು ಅವನು ತಿನ್ನಲ್ಲ. ಓದದೆ ಇರೋದು ಇರಲಿ."

"ದೊಡ್ಡೋನಿಗೆ?"

"ಅವನಿಗೆ ಎರಡೂ ಒಂದೇ. ಯಾವುದು ಸಿಕ್ಕಿದರೂ ತಿಂತಾನೆ."

ನಮ್ಮ ಮನೆಯ ಅಡುಗೆಮನೆಯಲ್ಲಿ ಅಂದಿನಿಂದ ಬ್ಯಾರನ್ ಕಾಲಕ್ಕೆ ಎರಡು ಸಕ್ಕರೆ ಡಬ್ಬಿ. ಅಸ್ಲಂ ಇವತ್ತಿನವರೆಗೂ ಓದಿದ ಸಕ್ಕರೆ ಮುಟ್ಟಿಲ್ಲ. ಫುಪ್ಪು ಓದುವುದನ್ನೂ ಬಿಟ್ಟಿಲ್ಲ. ಬಾಬಯ್ಯನ ಮನೆಯ ಹೆಂಚು ಗಾಳಿಗೆ ಹಾರಿದಾಗ ಏಣಿ ಹಾಕಿ ಹೊದಿಸಿದವನು ಅಸ್ಲಂ. ಕೇಳಿದರೆ, "ಫುಪ್ಪು ನೆನೀತಾರೆ ಅಂತ ಹೊದಿಸಿದೆ, ಬಾಬಯ್ಯನಿಗಲ್ಲ" ಎನ್ನುತ್ತಾನೆ.

ಕಳೆದ ತಿಂಗಳು ಆ ಬಸ್ಸಿನಿಂದ ಇಳಿದು ಮನೆಗೆ ಹೋದಾಗ ಇದನ್ನೆಲ್ಲ ಬರೆಯುತ್ತೇನೆ ಎಂದೆ. ಮೊನ್ನೆ ಮತ್ತೆ ಹೋಗಿ, ಬರೆದದ್ದನ್ನು ಅಸ್ಲಂಗೆ ಓದಿ ಹೇಳಿದೆ. ಮಳೆಯ ವಿಷಯಕ್ಕೆ ಮೊದಲು ತಕರಾರು ತೆಗೆದ. ಆಮೇಲೆ, "ನಾನು ಮುಂದೆ, ಫುಪ್ಪು ಹಿಂದೆ ಅಂತ ಬರೆದಿದೀಯಲ್ಲ, ಅದೂ ತಪ್ಪು. ಅವರನ್ನ ಮುಂದೆ ಬಿಟ್ಟು ನಾನು ಹಿಂದೆ ಬಂದೆ. ಹಿರಿಯರಲ್ವಾ?" ಎಂದ.

"ನಾನು ಕಣ್ಣಾರೆ ನೋಡಿದೀನಿ ಕಣೋ."

"ಕೊನೆ ಸಾಲಲ್ಲಿ ಕೂತ್ಕೊಂಡು ಏನ್ ನೋಡಿದೆ ನೀನು?"

ಮಾತು ಬೆಳೆಯಿತು. ಒಳಗೆ ಮಂಚದ ಮೇಲೆ ಮಲಗಿದ್ದ ಫುಪ್ಪು ಎದ್ದು ಕೂತರು. ಈಗ ಅವರಿಗೆ ಕಣ್ಣು ಮಂಜು, ಕಿವಿ ಮಾತ್ರ ಚುರುಕು.

"ಇಬ್ರೂ ಸುಳ್ಳು ಹೇಳ್ತಿದೀರ," ಎಂದರು. "ಇವನು ಗೇಟ್ ತಾವ ಬಂದು, ಬನ್ನಿ ಅಂದ. ಅಷ್ಟರಲ್ಲಿ ಒಳಗಿಂದ ಯಾರೋ ಕೂಗಿದ್ರು, ಅವರ ಜೊತೆ ಜಗಳಕ್ಕೆ ನಿಂತ. ನಾನು ಎಷ್ಟೊತ್ತು ಅಂತ ಕಾಯ್ಲಿ? ಕೊಡೆ ಜಯಮ್ಮನ ಕೈಗೆ ಕೊಟ್ಟು ಒಬ್ಳೇ ಒಳಗೆ ಹೋದೆ."